ಮೂರು ಟಿಬಿ ಅಳಿಸಿದರೂ ಜಾಗ ಬರಲಿಲ್ಲ: ಝಡ್‌ಎಫ್‌ಎಸ್ ನ್ಯಾಸ್ ಜೊತೆ ನಾಲ್ಕು ವರ್ಷ

ತೀರ್ಥಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೋ. ಮದುವೆ, ಉಪನಯನ, ಗೃಹಪ್ರವೇಶದ ಫೋಟೋ, ವಿಡಿಯೋ ಕೆಲಸ. ನಾಲ್ಕು ವರ್ಷದ ಹಿಂದೆ 4 ಟಿಬಿಯ ನಾಲ್ಕು ಹಾರ್ಡ್‌ಡಿಸ್ಕ್ ಹಾಕಿಸಿ, ಝಡ್‌ಎಫ್‌ಎಸ್ (ಡಿಸ್ಕ್‌ಗಳನ್ನೂ ಫೈಲುಗಳನ್ನೂ ಸಂಭಾಳಿಸುವ ಫೈಲ್ ಸಿಸ್ಟಂ) ಮೇಲೆ ನಡೆಯುವ ನ್ಯಾಸ್, ಅಂದರೆ ನೆಟ್‌ವರ್ಕ್ ಮೂಲಕ ಬಳಸುವ ಸಂಗ್ರಹ ಪೆಟ್ಟಿಗೆ, ಕಟ್ಟಿಸಿಕೊಂಡೆ. ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ (ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಸುವ ಹೆಚ್ಚುವರಿ ಮಾಹಿತಿಗೆ) ಹೋಗಿ, ಕಂಪ್ಯೂಟರ್ ತೋರಿಸುವ ಲೆಕ್ಕದಲ್ಲಿ ಕೈಗೆ ಸಿಕ್ಕಿದ್ದು 10 ಟಿಬಿ ಚಿಲ್ಲರೆ. ಹೋದ ವರ್ಷ ಒಂದು ಡಿಸ್ಕ್ ಕೆಟ್ಟಿತು. ಬದಲಿಸಿದೆ, ಕೆಲಸ ನಿಲ್ಲಲಿಲ್ಲ. ಅದರಲ್ಲಿ ದೂರಿಲ್ಲ. ಬರೆಯಬೇಕಾಗಿದ್ದು ಸ್ನ್ಯಾಪ್‌ಶಾಟ್ ಬಗ್ಗೆ, ಅಂದರೆ ಫೈಲುಗಳು ಒಂದು ಕ್ಷಣದಲ್ಲಿ ಹೇಗಿದ್ದವೋ ಹಾಗೇ ಹಿಡಿದಿಡುವ ಸೌಲಭ್ಯದ ಬಗ್ಗೆ.

ಆಷಾಢದಲ್ಲಿ ನಮಗೆ ಮದುವೆ ಕೆಲಸ ಇಲ್ಲ. ಹೊರಗೆ ಜಡಿಮಳೆ, ಒಳಗೆ ಹಳೇ ಫೂಟೇಜ್ ಅಳಿಸುವುದು. ಎರಡು ವರ್ಷದ ಹಿಂದೆ ಪೂಲ್ (ನಾಲ್ಕೂ ಡಿಸ್ಕ್ ಸೇರಿದ ಒಟ್ಟು ಜಾಗ) ಶೇ. 91 ತುಂಬಿತ್ತು. ಶೇ. 80ರ ಒಳಗಿಡಿ ಅಂತ ತಿಳಿದವರು ಹೇಳುತ್ತಾರೆ. ಖಾಲಿ ಜಾಗ ಚೂರುಚೂರಾಗಿ ಉಳಿದು ಬರವಣಿಗೆ ನಿಧಾನವಾಗುತ್ತದೆ. ಆಲ್ಬಂ ಕೊಟ್ಟು ಮುಗಿದ ಮದುವೆಗಳ ಫೂಟೇಜ್ ಸುಮಾರು 3 ಟಿಬಿ ಅಳಿಸಿದೆವು. ಫೋಲ್ಡರ್ ಖಾಲಿ. ಮೀಟರ್ ಮಾತ್ರ 91ರಲ್ಲೇ. "ಅಣ್ಣಾ, ಎಂಥ ಇದು, ಇನ್ನೂ ಕೆಂಪೇ ತೋರಿಸ್ತಿದೆ" ಅಂದ ನಮ್ಮ ಹುಡುಗ. ಸುಮ್ನೆ ಒಮ್ಮೆ ರೀಸ್ಟಾರ್ಟ್ ಮಾಡಿದೆ. ಏನೂ ಆಗಲಿಲ್ಲ.

ಕಾರಣ ಸ್ನ್ಯಾಪ್‌ಶಾಟ್. ಅದನ್ನು ತೆಗೆಯುವಾಗ ಜಾಗ ಖರ್ಚಾಗುವುದೇ ಇಲ್ಲ ಅನ್ನಬಹುದು. ಆಮೇಲೆ ನಾವು ಅಳಿಸಿದ್ದನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ನಾನು ಗಂಟೆಗೊಂದು, ದಿನಕ್ಕೊಂದು, ತಿಂಗಳಿಗೊಂದು ಅಂತ ಹಾಕಿಟ್ಟಿದ್ದೆ. ತಿಂಗಳಿನವು ಒಂದು ವರ್ಷ ಉಳಿಯುವಂತೆ ಇಟ್ಟವನೂ ನಾನೇ.

ಸರಿ, ಯಾವ ಸ್ನ್ಯಾಪ್‌ಶಾಟ್ ಜಾಸ್ತಿ ತಿಂದಿದೆ ನೋಡೋಣ ಅಂತ ಪಟ್ಟಿ ತೆಗೆದೆ. ಒಂದರ ಪಕ್ಕ 40 ಎಂಬಿ, ಇನ್ನೊಂದರ ಪಕ್ಕ 2 ಜಿಬಿ. ಎಲ್ಲಾ ಕೂಡಿದರೂ 30 ಜಿಬಿ ದಾಟಲಿಲ್ಲ. ಹಾಗಾದರೆ 3 ಟಿಬಿ ಎಲ್ಲಿ? ಇದು ಅಣ್ಣತಮ್ಮಂದಿರ ಜಂಟಿ ಖಾತೆಯ ತೋಟದ ಹಾಗೆ. ಅಣ್ಣನನ್ನು ಕೇಳಿದರೆ ನನ್ನೊಬ್ಬನದಲ್ಲ ಅಂತಾನೆ, ತಮ್ಮನೂ ಅದನ್ನೇ ಅಂತಾನೆ. ಪಟ್ಟಿಯ ಆ ಕಾಲಂ ತೋರಿಸುವುದು ಒಂದೇ ಸ್ನ್ಯಾಪ್‌ಶಾಟ್ ಹಿಡಿದಿರುವ ಬ್ಲಾಕ್‌ಗಳನ್ನು (ಡೇಟಾದ ತುಣುಕುಗಳನ್ನು) ಮಾತ್ರ. ಎರಡರಲ್ಲಿ ಇರುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದಕ್ಕೇ ದೊಡ್ಡ ಅಂಕಿ ಇರುವುದನ್ನು ಹುಡುಕಿ ಅಳಿಸಿದರೆ ಚಿಲ್ಲರೆ ಸಿಗುತ್ತದೆ ಅಷ್ಟೇ. ಕೊನೆಗೆ ಒಂದೇ ಒಂದು ಉಳಿದರೂ ಪೂರ್ತಿ 3 ಟಿಬಿ ಅದೇ ಹಿಡಿದುಕೊಂಡಿರುತ್ತದೆ.

ನಿಜವಾದ ಲೆಕ್ಕ ಬೇಕೆಂದರೆ ಸ್ನ್ಯಾಪ್‌ಶಾಟ್ ಅಳಿಸುವ ಡಿಸ್ಟ್ರಾಯ್ ಕಮಾಂಡಿಗೆ ಎನ್, ವಿ ಎರಡೂ ಅಕ್ಷರ ಸೇರಿಸಿ, ಮೊದಲ ಮತ್ತು ಕೊನೆಯ ಸ್ನ್ಯಾಪ್‌ಶಾಟ್ ಹೆಸರಿನ ನಡುವೆ ಪರ್ಸೆಂಟ್ ಗುರುತು ಹಾಕಬೇಕು. ಅಳಿಸದೆಯೇ, ಅಳಿಸಿದರೆ ಎಷ್ಟು ಬರುತ್ತದೆ ಅಂತ ಹೇಳುತ್ತದೆ. ನನಗೆ 2.9 ಟಿಬಿ ಅಂದಿತು. ಎನ್ ಮರೆತರೆ ಮಾತ್ರ ಕೇಳದೇ ನಿಜವಾಗಿ ಅಳಿಸಿಬಿಡುತ್ತದೆ. ಎಂಟರ್ ಒತ್ತುವ ಮೊದಲು ಮೂರು ಸಲ ಓದಿದೆ, ಬೆರಳು ನಡುಗಿದ್ದು ಸುಳ್ಳಲ್ಲ.

ಸ್ನ್ಯಾಪ್‌ಶಾಟ್‌ಗಳನ್ನು ನಿಜವಾಗಿ ಅಳಿಸಿದ ಮೇಲೂ ಜಾಗ ಒಮ್ಮೆಲೇ ಬರಲಿಲ್ಲ. ಡಿಸ್ಕ್‌ಗಳು ಗರಗರ ಅನ್ನುತ್ತಾ ಹಿನ್ನೆಲೆಯಲ್ಲಿ ಜಾಗ ಬಿಡಿಸುತ್ತಾ ಹೋದವು. ಅಷ್ಟರಲ್ಲಿ ಕರೆಂಟ್ ಹೋಯಿತು (ನಮ್ಮೂರ ಮಳೆಗಾಲ, ಕೇಳಬೇಕಾ). ಯುಪಿಎಸ್ಸೂ ಕೈಕೊಟ್ಟಿತು. ಕರೆಂಟ್ ಬಂದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸಿತು. ಈ ಒಂದು ಗುಣಕ್ಕೆ ನಾನು ಪೂರ್ತಿ ಅಂಕ ಕೊಡ್ತೇನೆ.

ನಷ್ಟ ಬೇರೆ ಕಡೆ ಆಯಿತು. ಫೂಟೇಜ್, ಆಲ್ಬಂ ಎರಡೂ ಒಂದೇ ಡೇಟಾಸೆಟ್‌ನಲ್ಲಿದ್ದವು (ಪೂಲ್ ಒಳಗಿನ ವಿಭಾಗ ಅದು, ಸ್ನ್ಯಾಪ್‌ಶಾಟ್ ಇಡೀ ವಿಭಾಗಕ್ಕೇ ಒಟ್ಟಿಗೆ). ಹಾಗಾಗಿ ಆಲ್ಬಂ ಫೈಲುಗಳ ಒಂದು ವರ್ಷದ ಇತಿಹಾಸವೂ ಜೊತೆಗೇ ಹೋಯಿತು. ಈಗ ಬೇರೆ ಮಾಡಿದ್ದೇನೆ: ಫೂಟೇಜ್‌ಗೆ 7 ದಿನ, ಆಲ್ಬಂಗೆ ಒಂದು ವರ್ಷ. ಬೇರೆ ಮಾಡುವಾಗಲೂ ಒಂದು ಏಟು ತಿಂದೆ. ಒಂದು ಡೇಟಾಸೆಟ್‌ನಿಂದ ಇನ್ನೊಂದಕ್ಕೆ ಮೂವ್ ಅಂದರೆ ಅದು ಕಾಪಿಯೇ. ಹಳೆಯದನ್ನು ಅಲ್ಲಿನ ಸ್ನ್ಯಾಪ್‌ಶಾಟ್ ಬಿಡುವುದಿಲ್ಲ, ಜಾಗ ಡಬಲ್. ಒಂದೊಂದೇ ಮದುವೆ ಸಾಗಿಸಿದೆ.

ಸ್ನ್ಯಾಪ್‌ಶಾಟೇ ಬೇಡ ಅಂತೀರಾ? ಹೋದ ಮೇನಲ್ಲಿ ಹುಡುಗ ತಪ್ಪು ಫೋಲ್ಡರ್ ಅಳಿಸಿದ, ಇಡೀ ಧಾರೆ ಶಾಸ್ತ್ರ ಅದರಲ್ಲಿತ್ತು. ವಿಂಡೋಸ್‌ನಲ್ಲಿ ಪ್ರೀವಿಯಸ್ ವರ್ಷನ್ಸ್ ತೆರೆದು ಬೆಳಿಗ್ಗೆ 11 ಗಂಟೆಯದನ್ನು ವಾಪಸ್ ತಂದೆವು. ಬ್ಯಾಕಪ್ ಅಂತ ಮಾತ್ರ ಇದನ್ನು ನಂಬಬೇಡಿ, ಎಲ್ಲಾ ಅದೇ ಡಿಸ್ಕಿನಲ್ಲೇ ಇರುವುದು. ಆಲ್ಬಂಗಳ ಇನ್ನೊಂದು ಪ್ರತಿ ನಮ್ಮ ಮನೆಯಲ್ಲಿದೆ.

ಈಗ ಪೂಲ್ ಶೇ. 68. ಗೃಹಪ್ರವೇಶದ ಫೂಟೇಜ್ ಇನ್ನೂ ಹಳೇ ಡೇಟಾಸೆಟ್‌ನಲ್ಲೇ ಬಿದ್ದಿದೆ. ಬರುವ ಆಷಾಢಕ್ಕೆ ನೋಡೋಣ.