ದಂಗೆಯ ಬಳಿಕದ ಸರ್ಕಾರ: ಬೆಂಬಲವೋ, ವ್ಯವಹಾರವೋ, ಕಾಯುವುದೋ?

ನೆರೆದೇಶದಲ್ಲಿ ಜನರ ದಂಗೆಯ ಬಳಿಕ ಬಂದ ಸರ್ಕಾರವನ್ನು ಭಾರತ ಬೆಂಬಲಿಸಬೇಕೇ ಎಂದು ಕಾಸರಗೋಡಿನ ನಮ್ಮ ವಾಚನಾಲಯದ ಚರ್ಚಾಕೂಟಕ್ಕೆ ಸಿದ್ಧರಾಗುತ್ತಿರುವ ವಿದ್ಯಾರ್ಥಿಗಳು ಕೇಳಿದ್ದಾರೆ. ದಾರಿಗಳು ಮೂರು: ತಕ್ಷಣದ ಬಹಿರಂಗ ಬೆಂಬಲ, ಹೊಗಳಿಕೆಯಿಲ್ಲದ ವ್ಯವಹಾರ, ಚುನಾವಣೆಯವರೆಗೆ ದೂರ ಉಳಿಯುವುದು.

ಜನರ ಸುರಕ್ಷತೆಯೇ ಮೊದಲ ಅಳತೆ. ಬಾಂಗ್ಲಾದೇಶದೊಂದಿಗೆ ನಮಗೆ 4,096 ಕಿಲೋಮೀಟರ್ ಗಡಿಯಿದೆ. 2024ರ ಆಗಸ್ಟ್ 5ರಂದು ಅಲ್ಲಿನ ಪ್ರಧಾನಿ ಶೇಖ್ ಹಸೀನಾ ದೇಶ ತೊರೆದು, 8ರಂದು ಮುಹಮ್ಮದ್ ಯೂನುಸ್ ಅವರ ಮಧ್ಯಂತರ ಸರ್ಕಾರ ಬಂದ ಮೇಲೆ, ಅಲ್ಪಸಂಖ್ಯಾತರ ರಕ್ಷಣೆಯನ್ನು ಕೇಳುವುದಿದ್ದರೂ ಆ ಸರ್ಕಾರವನ್ನೇ ಕೇಳಬೇಕಿತ್ತು. ಇಂಥಲ್ಲಿ ದೂರ ಉಳಿಯುವುದು ಅತಿ ದುಬಾರಿ. ಮನೆಮಂದಿಯನ್ನು ಕೊಲ್ಲಿ ದೇಶಗಳಿಗೆ ಕಳುಹಿಸಿರುವ ನಮ್ಮ ಜಿಲ್ಲೆಯವರಿಗೆ ರಾಯಭಾರ ಕಚೇರಿ ತೆರೆದಿರಬೇಕಾದ ಅಗತ್ಯವನ್ನು ಹೇಳಿಕೊಡಬೇಕಾಗಿಲ್ಲ.

ಜನಸಮ್ಮತಿಯ ಅಳತೆ ಬೇರೆ. ನೇಪಾಳದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾಗಿ ಅಧಿಕಾರ ವಹಿಸಿದೊಡನೆಯೇ 2026ರ ಮಾರ್ಚ್ 5ಕ್ಕೆ ಚುನಾವಣೆ ಘೋಷಣೆಯಾಯಿತು. ಅವಧಿ ಹೀಗೆ ನಿಗದಿಯಾಗಿದ್ದರೆ ಬಹಿರಂಗ ಬೆಂಬಲದಲ್ಲಿ ಅಪಾಯ ಕಡಿಮೆ. ದಿನಾಂಕವೇ ಇಲ್ಲದೆ ವಿರೋಧಿಗಳನ್ನು ಸೆರೆಗೆ ತಳ್ಳುವ ಸರ್ಕಾರದೊಂದಿಗೆ ವ್ಯವಹಾರವಷ್ಟೇ ಇರಲಿ ಎಂಬುದು ನನ್ನ ದೃಢ ನಿಲುವು.

ಸಂಬಂಧದ ಬಾಳಿಕೆಗೆ ಶ್ರೀಲಂಕಾವನ್ನು ನೋಡಬಹುದು: 2022ರಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸ ಪದಚ್ಯುತರಾದರೂ, ಭಾರತ ಕೊಟ್ಟ ಇಂಧನ, ಔಷಧಗಳ ನೆರವು ಜನರಿಗೆ ತಲುಪಿದ್ದರಿಂದ ವ್ಯರ್ಥವಾಗಲಿಲ್ಲ. ಅಧಿಕಾರಕ್ಕೆ ಇಬ್ಬರು ಹಕ್ಕುದಾರರು ಇನ್ನೂ ಕಾದಾಡುತ್ತಿರುವ ದೇಶದಲ್ಲಿ ಮಾತ್ರ ಕಾಯುವುದೇ ಲೇಸು.