ಬಣ್ಣಕ್ಕೆ ಪಾಸ್, ಬ್ಯಾಕ್ಟೀರಿಯಾಕ್ಕೆ ಫೇಲ್: ಬೋರ್‌ವೆಲ್‌ನ ಐರನ್ ಫಿಲ್ಟರ್

ಗೋವಾದ ಡಿಚೋಲಿ, ಸತ್ತರಿ ಕಡೆ ಮನೆ ಮಾಡಿರುವ ಕನ್ನಡಿಗರಿಗೆ ಈ ನೀರಿನ ಪರಿಚಯ ಹೇಳಬೇಕಿಲ್ಲ. ಬೋರ್‌ನಿಂದ ಬಂದಾಗ ತಿಳಿಯಾಗಿರುತ್ತದೆ, ರಾತ್ರಿ ಕಳೆದರೆ ಬಕೆಟ್ ತಳದಲ್ಲಿ ಕೆಂಪು ಗಸಿ. ಚಹಾ ಶಾಯಿಯಂತಾಗುತ್ತದೆ. ಪೇರಲ ಎಲೆ ಜಜ್ಜಿ ಹಾಕಿದಾಗ ನೀರು ಕಪ್ಪು-ನೇರಳೆಗೆ ತಿರುಗಿದರೆ ಕಬ್ಬಿಣ ಇದೆಯೆಂದೇ ಅರ್ಥ.

ಅಂಗಡಿಯವರು ಸಾಮಾನ್ಯವಾಗಿ ತೋರಿಸುವುದು 10 ಇಂಚು ವ್ಯಾಸ, 54 ಇಂಚು ಎತ್ತರದ ಫೈಬರ್ ಸಿಲಿಂಡರ್; ಮೇಲೆ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವ್, ಒಳಗೆ ಕಬ್ಬಿಣ ಹಿಡಿಯುವ ಮ್ಯಾಂಗನೀಸ್ ಡೈಆಕ್ಸೈಡ್ ಹರಳು, ಅಂದರೆ ಮೀಡಿಯಾ. ಗಂಟೆಗೆ 600 ಲೀಟರ್ ಮೀರಿಸದಿದ್ದರೆ ಬಣ್ಣ, ವಾಸನೆ ಚೆನ್ನಾಗಿಯೇ ತೆಗೆಯುತ್ತದೆ. ಆದರೆ ಚಿರೆಕಲ್ಲಿನ ನೆಲದ ನೀರು ಹಲವು ಕಡೆ ಹುಳಿ. ಪಿಎಚ್ 6.5ಕ್ಕಿಂತ ಕೆಳಗಿದ್ದರೆ ಕರಗಿದ ಕಬ್ಬಿಣ ಬೇಗ ಗಸಿಯಾಗುವುದಿಲ್ಲ, ಫಿಲ್ಟರ್ ದಾಟಿ ಹೋಗುತ್ತದೆ. ಮೊದಲು ಪಿಎಚ್ ಅಳೆಸಿ. ಕಡಿಮೆಯಿದ್ದರೆ ಐರನ್ ಫಿಲ್ಟರ್‌ಗಿಂತ ಮೊದಲು, ಹುಳಿ ತಗ್ಗಿಸುವ ಕ್ಯಾಲ್ಸೈಟ್ ಸಿಲಿಂಡರ್ ಬೇಕು.

ಹೆಚ್ಚಿನ ಫಿಲ್ಟರ್‌ಗಳು ಹಾಳಾಗುವುದು ಬ್ಯಾಕ್‌ವಾಶ್‌ನಲ್ಲಿ, ಅಂದರೆ ನೀರನ್ನು ಕೆಳಗಿನಿಂದ ಮೇಲಕ್ಕೆ ಹರಿಸಿ ಮೀಡಿಯಾ ತೊಳೆಯುವಲ್ಲಿ. ಈ ಮೀಡಿಯಾ ಭಾರ. ಮಾಳಿಗೆಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಅದನ್ನು ಎತ್ತುವ ಶಕ್ತಿಯಿಲ್ಲ. ಪಂಪ್‌ನಿಂದಲೇ ಕೊಡಬೇಕು, ಹೊರಬರುವ ನೀರು ತಿಳಿಯಾಗುವವರೆಗೆ, ಹತ್ತು ನಿಮಿಷವಾದರೂ. ಆಮೇಲೆ ವಾಲ್ವ್ ಅನ್ನು ರಿನ್ಸ್‌ಗೆ ತಿರುಗಿಸಿ ಮೂರು ನಿಮಿಷ. ಇದನ್ನು ತಪ್ಪಿಸಿದರೆ ಮೀಡಿಯಾ ಉಂಡೆಗಟ್ಟುತ್ತದೆ, ನೀರು ಸಂದಿಯಲ್ಲಿ ದಾರಿ ಮಾಡಿಕೊಳ್ಳುತ್ತದೆ.

‘ಬ್ಯಾಕ್ಟೀರಿಯಾನೂ ಹೋಗುತ್ತದೆ ಸಾರ್’ ಎಂಬ ಮಾತು ಮಾತ್ರ ನಂಬಬೇಡಿ. ಟ್ಯಾಂಕಿನ ಗೋಡೆಗೆ ಕೈಯಾಡಿಸಿದರೆ ಸಿಗುವ ಕೆಂಪು ಲೋಳೆ ಕಬ್ಬಿಣದ ಬ್ಯಾಕ್ಟೀರಿಯಾದ್ದು. ಅದು ತಾನಾಗಿ ರೋಗ ತರದು, ಆದರೆ ರೋಗಾಣುಗಳಿಗೆ ಮರೆ ಕೊಡುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ 100 ಮಿ.ಲೀ. ನೀರಿನಲ್ಲಿ ಮಲದ ಸೋಂಕು ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾ ಒಂದೂ ಕಾಣಬಾರದು. ಅದನ್ನು ಲ್ಯಾಬ್‌ನಲ್ಲೇ ನೋಡಿಸಬೇಕು.

ಆದ್ದರಿಂದ ಟ್ಯಾಂಕ್ ಉಜ್ಜಿ ತೊಳೆದು ಶಾಕ್ ಕ್ಲೋರಿನೇಶನ್ (ಒಮ್ಮೆಗೇ ಹೆಚ್ಚು ಕ್ಲೋರಿನ್ ಹಾಕಿ ಶುದ್ಧಿ) ಮಾಡಿ: 1000 ಲೀಟರಿಗೆ ಹೊಸ ಬ್ಲೀಚಿಂಗ್ ಪೌಡರ್ ಸುಮಾರು 150 ಗ್ರಾಂ. ಬಕೆಟ್‌ನಲ್ಲಿ ಕಲಕಿ, ತಿಳಿ ಮಾತ್ರ ಸುರಿಯಿರಿ. ಫಿಲ್ಟರ್ ಬೈಪಾಸ್ ಮಾಡಿ, ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು, 12 ಗಂಟೆ ಮುಚ್ಚಿಡಿ. ಆ ನೀರು ಕುಡಿಯಬೇಡಿ, ಪೂರ್ತಿ ಚೆಲ್ಲಿ. ಆ್ಯಸಿಡ್ ಜೊತೆ ಅಪ್ಪಿತಪ್ಪಿಯೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ದಿನನಿತ್ಯದ ಕ್ಲೋರಿನ್‌ನಲ್ಲೂ ಕಬ್ಬಿಣ ಮೊದಲು ಪಾಲು ಕೇಳುತ್ತದೆ, ಒಂದು ಮಿ.ಗ್ರಾಂ ಕಬ್ಬಿಣ 0.64 ಮಿ.ಗ್ರಾಂ ನುಂಗುತ್ತದೆ. ಅದು ತೀರಿ, ಅರ್ಧ ಗಂಟೆ ಬಿಟ್ಟ ಮೇಲೂ ಲೀಟರಿಗೆ 0.2 ಮಿ.ಗ್ರಾಂ ಉಳಿದಿರಬೇಕು. ರೋಗಾಣು ಕೊಲ್ಲುವ ಯುವಿ (ಅತಿನೇರಳೆ ಬೆಳಕಿನ) ದೀಪ ಹಾಕುವುದಾದರೆ ಐರನ್ ಫಿಲ್ಟರ್ ಆದ ಮೇಲೇ. ಮುಂಚೆ ಹಾಕಿದರೆ ದೀಪದ ಗಾಜಿನ ಕೊಳವೆಗೆ ತುಕ್ಕು ಮೆತ್ತಿಕೊಂಡು ಬೆಳಕು ನೀರಿಗೆ ಮುಟ್ಟುವುದಿಲ್ಲ. ಹೊರಗಿನ ಇಂಡಿಕೇಟರ್ ಮಾತ್ರ ಉರಿಯುತ್ತಲೇ ಇರುತ್ತದೆ.