ನೌಕಾಯುದ್ಧದ ಮರುಪ್ರದರ್ಶನ: ದಡವೋ, ದೋಣಿಯೋ, ಹಡಗಿನ ಡೆಕ್ಕೋ?

ಹಾಯಿಹಡಗುಗಳ ಕಾಲದ ನೌಕಾಯುದ್ಧವನ್ನು ಮತ್ತೆ ಆಡಿ ತೋರಿಸುವ ವೀಕೆಂಡ್‌ಗಳಿಗೆ ನಾನು ಗುಂಪು ಕಟ್ಟಿಕೊಂಡು ಹೋಗುತ್ತೇನೆ. ಗುಂಪಿನಲ್ಲಿ ಮಕ್ಕಳು, ಮಂಡಿನೋವಿನ ಹಿರಿಯರು, ಇತಿಹಾಸ ಅರೆದು ಕುಡಿದವರು, ಸುಮ್ನೆ ಫಿರಂಗಿ ಸದ್ದು ಕೇಳೋಣ ಅಂತ ಬಂದವರು, ಎಲ್ಲರೂ ಇರುತ್ತಾರೆ. ನೋಡುವುದಕ್ಕೆ ಮೂರು ದಾರಿ. ದಡದಲ್ಲಿ ನಿಲ್ಲಬಹುದು, ನೋಡುಗರ ದೋಣಿ ಹತ್ತಬಹುದು, ಇಲ್ಲವೇ ಕದನಕ್ಕೆ ಇಳಿಯುವ ಹಡಗಿನಲ್ಲೇ ಟಿಕೆಟ್ ತೆಗೆದುಕೊಂಡು ಹೋಗಬಹುದು. ಮೂರನ್ನೂ ಮಾಡಿ ನೋಡಿದ್ದೇನೆ. ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಇಂಥ ಗುಂಪಿಗೆ ಮೊದಲ ದಿನ ದಡ, ಎರಡನೇ ದಿನ ಆಸೆ ಇದ್ದವರಿಗಷ್ಟೇ ದೋಣಿ. ಆದರೆ ಗಾಳಿಯ ಲೆಕ್ಕ ಗೊತ್ತಿಲ್ಲದೆ ಹೋದರೆ ಎಲ್ಲಿ ನಿಂತರೂ ಅಷ್ಟೇ. ಹೊಗೆ ಕಾಣುತ್ತದೆ, ಯುದ್ಧ ಕಾಣುವುದಿಲ್ಲ.

ದಡದ ದೊಡ್ಡ ಲಾಭ ಅಂದರೆ ಇಡೀ ಆಟ ಒಂದೇ ನೋಟಕ್ಕೆ ಸಿಗುತ್ತದೆ. ಯಾವ ಹಡಗು ಸಾಲು ಬಿಟ್ಟಿತು, ಯಾವುದು ಹಿಂದೆ ಬಿತ್ತು, ಯಾರು ಯಾರಿಗೆ ಅಡ್ಡ ಬರುತ್ತಿದ್ದಾರೆ, ಎಲ್ಲ ಗೊತ್ತಾಗುತ್ತದೆ. ಮೈಕಿನಲ್ಲಿ ವಿವರಿಸುವವರ ಮಾತು ಸರಿಯಾಗಿ ಕೇಳುವುದೂ ಸಾಮಾನ್ಯವಾಗಿ ಇಲ್ಲೇ. ಸದ್ದು ಒಂದು ಕಿಲೋಮೀಟರ್ ಬರುವುದಕ್ಕೆ ಸುಮಾರು 3 ಸೆಕೆಂಡ್ ಬೇಕು. ಹಾಗಾಗಿ ಮೊದಲು ಹೊಗೆ ಚಿಮ್ಮುತ್ತದೆ, ಎಲ್ಲ ಗಪ್‌ಚಿಪ್, ಆಮೇಲೆ ಗುಡುಗು. ಮಕ್ಕಳಿಗೆ ಎಣಿಸುವುದಕ್ಕೆ ಹೇಳಿಕೊಟ್ಟರೆ ಹಡಗು ಎಷ್ಟು ದೂರ ಇದೆ ಅಂತ ಅವರೇ ಹೇಳುತ್ತಾರೆ.

ಆದರೆ ದಡದಲ್ಲಿ ಎಲ್ಲಿ ನಿಲ್ಲುತ್ತೀರಿ ಅನ್ನುವುದು ಮುಖ್ಯ. ಹಳೇ ಕಾಲದ ಕರಿಮದ್ದು ಪೂರ್ತಿ ಅನಿಲವಾಗಿ ಉರಿಯುವುದಿಲ್ಲ, ಅರ್ಧಕ್ಕಿಂತ ಜಾಸ್ತಿ ಸಣ್ಣ ಕಣಗಳಾಗಿ ಉಳಿಯುತ್ತದೆ. ಆ ದಟ್ಟ ಬಿಳಿ ಹೊಗೆ ಅದೇ. ಗಾಳಿ ಹಡಗಿನ ಕಡೆಯಿಂದ ನಿಮ್ಮ ಮುಖಕ್ಕೆ ಬೀಸುತ್ತಿದ್ದರೆ ಎರಡನೇ ಸುತ್ತು ಹಾರಿಸುವಷ್ಟರಲ್ಲಿ ಕೆಮ್ಮು ಶುರುವಾಗುತ್ತದೆ, ಹಡಗು ಮಾಯವಾಗುತ್ತದೆ. ಗಾಳಿ ಬೆನ್ನ ಹಿಂದಿನಿಂದ ಅಥವಾ ಪಕ್ಕದಿಂದ ಬರುವ ಜಾಗ ಹುಡುಕಿ. ಬಿಸಿಲೂ ಬೆನ್ನಿಗೇ ಇರಲಿ. ನೀರಿನಂಚಿನ ಮೊದಲ ಸಾಲಿಗೆ ಎಲ್ಲರೂ ಮುಗಿಬೀಳುತ್ತಾರೆ, ನನಗೆ ಮಾತ್ರ ಹಿಂದಿನ ಸಣ್ಣ ದಿಬ್ಬವೇ ವಾಸಿ. ಎತ್ತರ ಇದ್ದರೆ ಎರಡು ಸಾಲಿನ ನಡುವಿನ ನೀರು ಕಾಣುತ್ತದೆ, ಕದನ ಅರ್ಥವಾಗುವುದು ಆ ನೀರನ್ನು ನೋಡಿಯೇ.

ನೋಡುಗರ ದೋಣಿಯ ಅನುಭವವೇ ಬೇರೆ. ಫಿರಂಗಿ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ. ಹಗ್ಗ ಜಗ್ಗುವಾಗ ಮರ ಕಿರುಗುಟ್ಟುವುದು, ಡೆಕ್ ಮೇಲಿಂದ ಕೂಗುವ ಆಜ್ಞೆ, ಎಲ್ಲ ಕೇಳುತ್ತದೆ. ಫೋಟೊ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಕದನದ ನಕ್ಷೆ ಕೈತಪ್ಪುತ್ತದೆ. ಎದುರಿಗಿರುವ ಹಡಗು ಉಳಿದದ್ದನ್ನೆಲ್ಲ ಮುಚ್ಚಿಬಿಡುತ್ತದೆ, ದೋಣಿ ಕಾಯ್ದುಕೊಳ್ಳಬೇಕಾದ ಅಂತರ ಇರುತ್ತದೆ, ಅದು ಯಾವ ಕಡೆ ತಿರುಗಬೇಕು ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಕಾಯುವ ಹೊತ್ತೂ ಜಾಸ್ತಿ. ಚೌಕ ಹಾಯಿಯ ಹಡಗು ಗಾಳಿಗೆ ನೇರ ಎದುರಾಗಿ ಹೋಗಲಾರದು, ಗಾಳಿಗೆ ಎಷ್ಟೇ ಹತ್ತಿರ ಅಂದರೂ ಅರವತ್ತೈದು ಡಿಗ್ರಿ ಆಸುಪಾಸಿನ ಓರೆಯಲ್ಲಿ ಹೋಗುತ್ತದೆ. ಒಂದು ಸಲ ಹಾದುಹೋದ ಮೇಲೆ ಮತ್ತೆ ತಿರುಗಿ ಸಾಲಿಗೆ ಬರುವುದಕ್ಕೆ ಎಷ್ಟೋ ಹೊತ್ತು ಬೇಕು. ಅಷ್ಟೂ ಹೊತ್ತು ನಿಮ್ಮ ದೋಣಿ ಎಂಜಿನ್ ನಿಧಾನ ಮಾಡಿ ಅಲೆಯ ಮೇಲೆ ತೊನೆಯುತ್ತಿರುತ್ತದೆ. ವಾಂತಿ ಬರುವುದು ಆಗಲೇ.

ಹೊಟ್ಟೆ ತೊಳಸುವವರಿಗೆ ನಡುವಿನಲ್ಲಿ ಇಳಿಯುವ ದಾರಿ ಇಲ್ಲ. ಮಾತ್ರೆ ತೆಗೆದುಕೊಳ್ಳುವುದಾದರೆ ವೈದ್ಯರನ್ನು ಕೇಳಿ, ದೋಣಿ ಹತ್ತುವುದಕ್ಕೆ ಮುಂಚೆಯೇ ತೆಗೆದುಕೊಳ್ಳಬೇಕು, ಶುರುವಾದ ಮೇಲೆ ಅಷ್ಟು ಕೆಲಸ ಮಾಡುವುದಿಲ್ಲ. ದೋಣಿಯ ಮಧ್ಯಭಾಗದಲ್ಲಿ ಕೂರಿಸಿ, ದೂರದ ದಿಗಂತವನ್ನು ನೋಡಲಿ, ಫೋನ್ ಒಳಗಿಡಲಿ.

ಕದನದ ಹಡಗಿನ ಡೆಕ್ ಮೂರನೆಯದು. ಇಲ್ಲಿ ಯುದ್ಧ ಕಾಣುವುದು ಅತಿ ಕಡಿಮೆ, ಕೆಲಸ ಕಾಣುವುದು ಅತಿ ಜಾಸ್ತಿ. ಒಂದು ಸಲ ಫಿರಂಗಿ ಹಾರಿಸಿದ ತಕ್ಷಣ ಏನಾಗುತ್ತದೆ ಅಂತ ನೋಡಬೇಕು. ಉದ್ದ ಕೋಲಿನ ತುದಿಗೆ ಕಟ್ಟಿದ ಒದ್ದೆ ಕುಂಚವನ್ನು ನಳಿಗೆಯೊಳಗೆ ತುರುಕಿ ತಿರುಗಿಸುತ್ತಾರೆ, ಒಳಗೆ ಒಂದು ಕಿಡಿ ಉಳಿದಿದ್ದರೂ ಮುಂದಿನ ಮದ್ದಿನ ಚೀಲ ಕೈಯಲ್ಲೇ ಹತ್ತಿಕೊಳ್ಳುತ್ತದೆ. ಅದೇ ಹೊತ್ತಿಗೆ ಇನ್ನೊಬ್ಬರು ಹಿಂಭಾಗದ ಬತ್ತಿ ತೂತನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿರುತ್ತಾರೆ, ಗಾಳಿ ನುಗ್ಗಿ ಕಿಡಿ ಕೆರಳಬಾರದು ಅಂತ. ಹಾರಿಸುವುದು ಬರೀ ಮದ್ದು, ಗುಂಡು ಇರುವುದಿಲ್ಲ, ಆದರೂ ಈ ಕ್ರಮದಲ್ಲಿ ಒಂದನ್ನೂ ಬಿಡುವುದಿಲ್ಲ. ಇದನ್ನು ಮೂರು ಮಾರು ದೂರದಿಂದ ನೋಡಿದ ಮೇಲೆ ಫಿರಂಗಿ ಬಗ್ಗೆ ನನಗಿದ್ದ ಗೌರವ ಬಹಳ ಹೆಚ್ಚಿತು. ಆದರೆ ಸೀಟು ಕಡಿಮೆ, ಏಣಿ ಕಡಿದು, ಹಾಯಿ ತಿರುಗಿಸುವಾಗ ಹೇಳಿದ ಕ್ಷಣ ಜಾಗ ಬಿಡಬೇಕು. ಗುಂಪಿಗೆ ಗುಂಪೇ ಹೋಗುವ ಜಾಗ ಇದಲ್ಲ.

ಈಗ ತಯಾರಿ. ಎರಡು ಬಗೆ ಪ್ರಯತ್ನಿಸಿದ್ದೇನೆ. ಒಂದು, ಎಲ್ಲರಿಗೂ ಓದುವುದಕ್ಕೆ ಟಿಪ್ಪಣಿ ಕಳಿಸುವುದು. ಇಷ್ಟ ಇದ್ದವರು ಓದುತ್ತಾರೆ, ಅವರಿಗೆ ಅದು ಮೊದಲೇ ಗೊತ್ತಿರುತ್ತದೆ. ಇನ್ನೊಂದು, ಹಿಂದಿನ ಸಂಜೆ ಮೇಜಿನ ಮೇಲೆ ಕಾಗದದ ದೋಣಿ ಇಟ್ಟು ಒಂದು ಯುದ್ಧ ಆಡಿಸುವುದು. ಇದರ ಮುಂದೆ ಟಿಪ್ಪಣಿ ನಿಲ್ಲುವುದೇ ಇಲ್ಲ.

ನಾನು ಆಡಿಸುವುದು 1813ರ ಸೆಪ್ಟೆಂಬರ್ 10ರ ಈರಿ ಸರೋವರದ ಕದನ. ಅಮೆರಿಕದ ಆಲಿವರ್ ಹಜಾರ್ಡ್ ಪೆರಿಯ ಕಡೆ 9 ನೌಕೆ, ಬ್ರಿಟನ್ನಿನ ರಾಬರ್ಟ್ ಬಾರ್ಕ್ಲೇ ಕಡೆ 6. ಪೆರಿಯ ದೊಡ್ಡ ಹಡಗುಗಳ ತೋಪುಗಳಲ್ಲಿ ಹೆಚ್ಚಿನವು ಕ್ಯಾರೊನೇಡ್, ಅಂದರೆ ಭಾರಿ ಗುಂಡು ಹೊಡೆಯುವ ಆದರೆ ದೂರ ಮುಟ್ಟದ ಗಿಡ್ಡ ತೋಪುಗಳು. ಬಾರ್ಕ್ಲೇ ಬಳಿ ದೂರ ಹೊಡೆಯುವ ಉದ್ದ ತೋಪುಗಳು ಇದ್ದವು. ಪೆರಿ ಹತ್ತಿರ ಹೋಗಲೇಬೇಕು, ಹೋಗಬೇಕು ಅಂದರೆ ಗಾಳಿ ಬೇಕು. ಬೆಳಗ್ಗೆ ಗಾಳಿ ಅವನಿಗೆ ಎದುರಾಗಿತ್ತು, ಆಮೇಲೆ ತಿರುಗಿತು. ಇಷ್ಟು ಹೇಳಿ ಗಾಳಿಯ ಬಾಣದ ಚೀಟಿ ತಿರುಗಿಸಿದರೆ ಮೇಜಿನ ಸುತ್ತ ಇದ್ದವರೆಲ್ಲ ಮುಂದೆ ಬಗ್ಗುತ್ತಾರೆ. ಪೆರಿಯ ಲಾರೆನ್ಸ್ ಹಡಗು ನುಚ್ಚುನೂರಾದಾಗ ಅವನು ಸಣ್ಣ ದೋಣಿಯಲ್ಲಿ ನಯಾಗರಾ ಹಡಗಿಗೆ ಹೋಗಿ ಶತ್ರುಸಾಲನ್ನೇ ಸೀಳಿದ್ದು, ಆ ಹೊತ್ತಿಗೆ ಬ್ರಿಟಿಷರ ಎರಡು ದೊಡ್ಡ ಹಡಗು ಒಂದಕ್ಕೊಂದು ಸಿಕ್ಕಿಕೊಂಡದ್ದು, ಇದನ್ನೆಲ್ಲ ಕೈಯಿಂದ ಸರಿಸಿ ಆಡಿದವರು ಮರುದಿನ ದಡದಲ್ಲಿ ನಿಂತು “ಈಗ ಗಾಳಿ ಯಾರ ಕಡೆ?” ಅಂತ ತಾವಾಗಿಯೇ ಕೇಳುತ್ತಾರೆ. ಮನೆಗೆ ಹೋಗುವ ಮುಂಚೆ ಒಬ್ಬೊಬ್ಬರಿಗೆ ಒಂದೊಂದು ಹಡಗಿನ ಹೆಸರು ಕೊಟ್ಟುಬಿಡಿ, ಮರುದಿನ ಅವರ ಕಣ್ಣು ಅದನ್ನು ಬಿಡುವುದಿಲ್ಲ.

ಒಂದು ಮಾತು ಮೊದಲೇ ಹೇಳಿಡಿ: ಪ್ರದರ್ಶನ ಇತಿಹಾಸದ ನಕಲಾಗಿ ಇರುವುದಿಲ್ಲ. 1805ರ ಟ್ರಫಾಲ್ಗರ್ ನೌಕಾಕದನದಲ್ಲಿ 27 ಬ್ರಿಟಿಷ್ ಹಡಗು, ಎದುರಿಗೆ ಫ್ರಾನ್ಸ್ ಮತ್ತು ಸ್ಪೇನಿನ 33. ಅದರ ಇನ್ನೂರನೇ ವರ್ಷಕ್ಕೆ 2005ರಲ್ಲಿ ಇಂಗ್ಲೆಂಡಿನಲ್ಲಿ ಕದನ ಆಡಿ ತೋರಿಸಿದಾಗ ದೇಶಗಳ ಹೆಸರು ಬಿಟ್ಟು ಕೆಂಪು ಪಡೆ, ನೀಲಿ ಪಡೆ ಅಂತ ಮಾಡಿದ್ದರು. ಗೆಲ್ಲುವವರು ಯಾರು ಅಂತ ಜಗಳ ಬೇಡ ಅಂದರೆ ಇದನ್ನು ನಿಮ್ಮ ಇತಿಹಾಸಪ್ರಿಯರಿಗೆ ಮುಂಚೆಯೇ ತಿಳಿಸಿ.

ಕಿವಿಗೆ ದೊಡ್ಡವರಿಗೆ ಸ್ಪಂಜಿನ ಇಯರ್ ಪ್ಲಗ್ ಸಾಕು, ಆದರೆ ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಟ್ಟು, ಉಬ್ಬುವ ತನಕ ಹಿಡಿದಿರಬೇಕು. ಮಕ್ಕಳಿಗೆ ತಲೆ ಮೇಲಿಂದ ಹಾಕುವ ಇಯರ್ ಮಫ್ಫೇ ಸರಿ, ಬಿದ್ದುಹೋಗುವುದಿಲ್ಲ. ಬೈನಾಕ್ಯುಲರ್ ದಡಕ್ಕೆ 10x42, ದೋಣಿಗೆ 7x50 (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ). ದೋಣಿಯಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿದರೆ ನಡುಕವೂ ಹತ್ತು ಪಟ್ಟು, ಏನೂ ಕಾಣುವುದಿಲ್ಲ.

ಬುಕ್ ಮಾಡುವಾಗ ದೋಣಿ ಎರಡನೇ ದಿನಕ್ಕೇ ಕೇಳಿ. ಮೊದಲ ದಿನ ದಡದಿಂದ ನಕ್ಷೆ ತಲೆಗೆ ಇಳಿದಿದ್ದರೆ ಮರುದಿನ ಒಂದೇ ಹಡಗು ಕಂಡರೂ ಉಳಿದವು ಎಲ್ಲಿರಬಹುದು ಅಂತ ಅಂದಾಜು ಸಿಗುತ್ತದೆ. ಡೆಕ್ ಟಿಕೆಟ್ ಒಂದೆರಡು ಸಿಕ್ಕರೆ ಗುಂಪಿನಲ್ಲಿ ಫಿರಂಗಿ ಹುಚ್ಚು ಇರುವವರಿಗೇ ಕೊಡಿ, ಚೀಟಿ ಎತ್ತಬೇಡಿ.